ಸ್ಟೆಮ್ ಸೆಲ್ ಉಸಿರಾಟದ ಅಂಕಿ ಎಡವಟ್ಟಾದಾಗ: ತಪ್ಪು ಕೋಶದ್ದಾ, ಪ್ಲೇಟಿನದ್ದಾ?

ಸ್ಟೆಮ್ ಸೆಲ್ ಬೆಳೆಸಿ, ಅವುಗಳಿಂದ ಹೃದಯದ ಕೋಶವನ್ನೋ ನರಕೋಶವನ್ನೋ ತಯಾರಿಸಿ, ಎರಡರ ಆಮ್ಲಜನಕ ಬಳಕೆಯನ್ನು ಅಕ್ಕಪಕ್ಕ ಇಟ್ಟು ಅಳೆಯುವವರಿಗೆ ಈ ಬರಹ. ಉದಾಹರಣೆಗೆ ಒಂದೇ ಕೆಲಸ ಹಿಡಿದಿದ್ದೇನೆ: ಮಾನವ ಐಪಿಎಸ್ ಕೋಶಗಳು (ಚರ್ಮದಂಥ ಬಲಿತ ಕೋಶವನ್ನು ಹಿಂದಕ್ಕೆ ತಿರುಗಿಸಿ ಮಾಡಿದ ಸ್ಟೆಮ್ ಸೆಲ್), ಅವುಗಳಿಂದ ಹುಟ್ಟಿದ ಹೃದಯ ಸ್ನಾಯು ಕೋಶಗಳು, 96 ವೆಲ್‌ಗಳ (ಪುಟ್ಟ ಗುಳಿಗಳ) ಸೀಹಾರ್ಸ್ ಪ್ಲೇಟ್, ಅಂದರೆ ಕೋಶಗಳ ಆಮ್ಲಜನಕ ಬಳಕೆ ಅಳೆಯುವ ಯಂತ್ರದ ತಟ್ಟೆ. ನಿಮ್ಮ ಯಂತ್ರ ಬೇರೆ ಇರಬಹುದು, ಕೋಶ ಬೇರೆ ಇರಬಹುದು. ಹುಡುಕುವ ಕ್ರಮ ಮಾತ್ರ ಹೆಚ್ಚು ಬದಲಾಗುವುದಿಲ್ಲ.

ದೂರು ಸಾಮಾನ್ಯವಾಗಿ ಹೀಗೆ ಬರುತ್ತದೆ. "ಸ್ಟೆಮ್ ಸೆಲ್ ಗ್ಲೈಕಾಲಿಸಿಸ್ ಮೇಲೆ ಬದುಕುತ್ತೆ, ಬಲಿತ ಕೋಶ ಮೈಟೊಕಾಂಡ್ರಿಯ ನಂಬಿಕೊಂಡು ಬದುಕುತ್ತೆ ಅಂತ ಓದಿದ್ದೆ. ನನ್ನ ಪ್ಲೇಟಿನಲ್ಲಿ ಉಲ್ಟಾ ಬಂದಿದೆ." (ಗ್ಲೈಕಾಲಿಸಿಸ್ ಅಂದರೆ ಆಮ್ಲಜನಕವಿಲ್ಲದೆ ಗ್ಲೂಕೋಸ್ ಮುರಿಯುವ ದಾರಿ, ಮೈಟೊಕಾಂಡ್ರಿಯ ಅಂದರೆ ಆಮ್ಲಜನಕ ಬಳಸಿ ಇಂಧನ ಉರಿಸುವ ಕೋಶದ ಭಾಗಗಳು.) ಉಲ್ಟಾ ಬಂದ ಕೂಡಲೇ ಹೊಸದೇನೋ ಸಿಕ್ಕಿತು ಎಂದು ಸಂಭ್ರಮಿಸುವವರಿದ್ದಾರೆ. ಸುಮ್ನೆ ಡೇಟಾ ಅಳಿಸಿ ಮತ್ತೆ ಪ್ಲೇಟ್ ಹಾಕುವವರೂ ಇದ್ದಾರೆ. ಎರಡೂ ಆತುರವೇ. ಮೊದಲು ಯಂತ್ರ, ಆಮೇಲೆ ವೆಲ್, ಆಮೇಲೆ ಕೋಶಗಳ ಎಣಿಕೆ, ಆಮೇಲೆ ಮೀಡಿಯಂ (ಕೋಶ ಮುಳುಗಿರುವ ಪೋಷಕ ದ್ರವ) ಮತ್ತು ಔಷಧ. ಇವೆಲ್ಲ ಪಾರಾದ ಮೇಲಷ್ಟೇ ಕೋಶದ ಸರದಿ.

ಸರಿಯಿದ್ದರೆ ಏನು ಕಾಣಬೇಕು

ಒಂದು ಗ್ಲೂಕೋಸ್ ಅಣು ಗ್ಲೈಕಾಲಿಸಿಸ್‌ನಲ್ಲಿ ಮುರಿದು ಲ್ಯಾಕ್ಟೇಟ್ ಆದರೆ ಕೋಶಕ್ಕೆ ಸಿಗುವುದು ನಿವ್ವಳ 2 ಎಟಿಪಿ (ಕೋಶ ಖರ್ಚು ಮಾಡುವ ಶಕ್ತಿಯ ಅಣು). ಅದೇ ಅಣು ಮೈಟೊಕಾಂಡ್ರಿಯದಲ್ಲಿ ಪೂರ್ತಿ ಉರಿದರೆ ಸುಮಾರು 30. ಇಷ್ಟು ನಷ್ಟವಾದರೂ ಮಾನವ ಸ್ಟೆಮ್ ಸೆಲ್‌ಗಳು ಆಮ್ಲಜನಕ ಎದುರಿಗಿದ್ದಾಗಲೂ ಮೊದಲ ದಾರಿಯನ್ನೇ ಜಾಸ್ತಿ ಹಿಡಿಯುತ್ತವೆ. ಬೇಗ ಬೇಗ ವಿಭಜನೆಯಾಗುವ ಕೋಶಕ್ಕೆ ಎಟಿಪಿ ಮಾತ್ರ ಸಾಲದು. ಡಿಎನ್ಎ, ಕೊಬ್ಬು, ಅಮೈನೋ ಆಮ್ಲಗಳಿಗೆ ಕಚ್ಚಾ ಸಾಮಗ್ರಿಯೂ ಬೇಕು, ಅದು ಗ್ಲೈಕಾಲಿಸಿಸ್‌ನ ಕವಲುಗಳಿಂದ ಸಿಗುತ್ತದೆ.

ಹಾಗಂತ ಸ್ಟೆಮ್ ಸೆಲ್‌ನ ಮೈಟೊಕಾಂಡ್ರಿಯ ಕೆಟ್ಟು ಕೂತಿವೆ ಎಂದಲ್ಲ. 2011ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ ತೋರಿಸಿದ್ದು ಬೇರೆಯೇ ಚಿತ್ರ. ಮಾನವ ಸ್ಟೆಮ್ ಸೆಲ್‌ಗಳ ಉಸಿರಾಟದ ಸರಪಳಿ (ಮೈಟೊಕಾಂಡ್ರಿಯದಲ್ಲಿ ಆಮ್ಲಜನಕ ಬಳಸುವ ಪ್ರೋಟೀನ್‌ಗಳ ಸಾಲು) ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆಮ್ಲಜನಕವನ್ನೂ ಎಳೆಯುತ್ತದೆ. ಆದರೆ ಎಟಿಪಿಯ ದೊಡ್ಡ ಪಾಲು ಬರುವುದು ಗ್ಲೈಕಾಲಿಸಿಸ್‌ನಿಂದ. ಗ್ಲೂಕೋಸ್‌ನ ಇಂಗಾಲ ಮೈಟೊಕಾಂಡ್ರಿಯದಲ್ಲಿ ಉರಿಯದಂತೆ ಯುಸಿಪಿ2 ಎಂಬ ಪ್ರೋಟೀನ್ ಅದನ್ನು ಬೇರೆ ಕಡೆ ತಿರುಗಿಸುತ್ತದೆ. ಕೋಶ ಬಲಿಯಲು ಶುರುವಾದಾಗ ಯುಸಿಪಿ2 ಕಡಿಮೆಯಾಗುತ್ತದೆ.

ಅದೇ ಕೆಲಸದ ಇನ್ನೊಂದು ಮಾತನ್ನು ಬಹಳ ಜನ ಮರೆಯುತ್ತಾರೆ. ಬಲಿಯುವ ಮೊದಲ ಹಂತದಲ್ಲಿ ಕೋಶ ವಿಭಜನೆ ನಿಧಾನವಾಗುತ್ತದೆ, ಒಟ್ಟು ಶಕ್ತಿಯ ವ್ಯವಹಾರವೇ ಇಳಿಯುತ್ತದೆ. ಹಾಗಾಗಿ ಮೂರನೇ ದಿನಕ್ಕೇ ಆಮ್ಲಜನಕ ಬಳಕೆ ಏರಿರಬೇಕು ಎಂದು ಕಾಯುತ್ತಿದ್ದರೆ, ತಪ್ಪು ನಿಮ್ಮ ನಿರೀಕ್ಷೆಯಲ್ಲೇ ಇದೆ. ನೋಡಬೇಕಾದದ್ದು ಎರಡು ದಾರಿಗಳ ಅನುಪಾತವನ್ನು.

ಮೊದಲ ಕೆಲಸ: ಕಚ್ಚಾ ಗೆರೆ ತೆರೆಯಿರಿ

ತಂತ್ರಾಂಶ ಕೊಡುವ ಅಂದದ ಬಾರ್ ಚಿತ್ರವನ್ನು ಆಮೇಲೆ ನೋಡಿದರಾಯಿತು. ಯಂತ್ರ ನಿಜಕ್ಕೂ ಅಳೆಯುವುದು ವೇಗವನ್ನಲ್ಲ, ಆಮ್ಲಜನಕದ ಮಟ್ಟವನ್ನು. ಪ್ಲೇಟಿನ ಮೇಲೆ ಕೂರುವ, ಸೆನ್ಸರ್‌ಗಳಿರುವ ಕಾರ್ಟ್ರಿಜ್‌ನ ಮೂತಿ ಕೆಳಗಿಳಿದು ಕೋಶಗಳ ಮೇಲೆ ಸುಮಾರು 2 ಮೈಕ್ರೊಲೀಟರ್‌ನ ಪುಟ್ಟ ಕೋಣೆ ಮಾಡುತ್ತದೆ. ಆ ಕೋಣೆಯಲ್ಲಿ ಆಮ್ಲಜನಕ ಇಳಿಯುವ ಓರೆಯೇ ನಿಮ್ಮ ಓಸಿಆರ್, ಅಂದರೆ ಆಮ್ಲಜನಕ ಬಳಕೆಯ ವೇಗ. ಆಮೇಲೆ ಮೂತಿ ಮೇಲೆದ್ದು ಕಲಕುತ್ತದೆ, ಆಮ್ಲಜನಕ ಮತ್ತೆ ತುಂಬಿಕೊಳ್ಳುತ್ತದೆ. ಆರೋಗ್ಯವಾದ ಗೆರೆ ಗರಗಸದ ಹಲ್ಲಿನ ಹಾಗೆ ಕಾಣುತ್ತದೆ: ಇಳಿಯುತ್ತದೆ, ಏರುತ್ತದೆ, ಪ್ರತಿ ಸಲವೂ ಅದೇ ಎತ್ತರಕ್ಕೆ ಮರಳುತ್ತದೆ.

ಮರಳದಿದ್ದರೆ ವೆಲ್‌ನಲ್ಲಿ ಕೋಶ ಜಾಸ್ತಿ. ಇಳಿಜಾರು ಶುರುವಲ್ಲಿ ಕಡಿದಾಗಿದ್ದು ಆಮೇಲೆ ಚಪ್ಪಟೆಯಾದರೆ, ಆ ಪುಟ್ಟ ಕೋಣೆಯಲ್ಲಿ ಆಮ್ಲಜನಕ ಅಳತೆ ಮುಗಿಯುವ ಮೊದಲೇ ಖಾಲಿಯಾಗುತ್ತಿದೆ. ಆಗ ತಂತ್ರಾಂಶ ಕಡಿಮೆ ಓಸಿಆರ್ ತೋರಿಸುತ್ತದೆ. ನಿಜದಲ್ಲಿ ಅದು ಅತಿ ಹೆಚ್ಚು ಉಸಿರಾಡುವ ವೆಲ್! ಹೃದಯ ಕೋಶಗಳಲ್ಲಿ ಇದು ಮಾಮೂಲಿ. ಅವು ದಪ್ಪ ಹಾಳೆಯಾಗಿ ಒಂದರ ಮೇಲೊಂದು ಕೂರುತ್ತವೆ, ಮೇಲಾಗಿ ಬಡಿಯುತ್ತಲೂ ಇರುತ್ತವೆ. "ಬಲಿತ ಕೋಶ ಕಡಿಮೆ ಉಸಿರಾಡುತ್ತಿದೆ" ಎಂಬ ದೂರುಗಳಿಗೆ ಉತ್ತರ ಹಲವು ಸಲ ಇಲ್ಲೇ ಸಿಗುತ್ತದೆ. ಕೋಶ ಕಡಿಮೆ ಹಾಕಿ, ಅಥವಾ ಅಳತೆಯ ನಿಮಿಷ ಕಡಿಮೆ ಮಾಡಿ, ಕಲಕುವ ನಿಮಿಷ ಹೆಚ್ಚಿಸಿ.

ಆಮೇಲೆ ನಾಲ್ಕು ಮೂಲೆಯ ಖಾಲಿ ವೆಲ್‌ಗಳು. ಅಲ್ಲಿ ಕೋಶವಿಲ್ಲ, ಮೀಡಿಯಂ ಮಾತ್ರ. ಅಲ್ಲಿನ ಗೆರೆಯೂ ಜಾರುತ್ತಿದ್ದರೆ ಸಮಸ್ಯೆ ಬಿಸಿಯದ್ದು. ಯಂತ್ರವನ್ನು ಹಿಂದಿನ ದಿನವೇ ಆನ್ ಮಾಡಿ ಇಡಿ. ಎಸಿಯ ಗಾಳಿ ನೇರ ಯಂತ್ರದ ಮೇಲೆ ಬೀಳದಿರಲಿ. ನಡುರಾತ್ರಿ ಕರೆಂಟ್ ಹೋಗಿ ಬಂದಿದ್ದರೆ ಬೆಳಿಗ್ಗೆ ಅದು ಬೆಚ್ಚಗಾಗಲು ಸಮಯ ಕೊಡಿ. ಒಂದು ಮೂಲೆಯ ವೆಲ್‌ಗೆ ಯಾರೋ ಕೋಶ ಹಾಕಿಬಿಟ್ಟಿದ್ದರೆ ಇಡೀ ಪ್ಲೇಟಿನ ಲೆಕ್ಕ ಕೆಡುತ್ತದೆ, ಯಾಕೆಂದರೆ ಹಿನ್ನೆಲೆ ಕಳೆಯುವುದು ಅವುಗಳ ಸರಾಸರಿಯಿಂದ. ಆ ಒಂದನ್ನು ಲೆಕ್ಕದಿಂದ ತೆಗೆದು ನೋಡಿ. ಕಾರ್ಟ್ರಿಜ್ ರಾತ್ರಿಯಿಡೀ ನೆನೆದಿತ್ತಾ ಎಂದೂ ಕೇಳಿಕೊಳ್ಳಿ.

ದೋಷ: ಸ್ಟೆಮ್ ಸೆಲ್ ವೆಲ್‌ಗಳು ಒಂದಕ್ಕೊಂದು ಹೊಂದುತ್ತಿಲ್ಲ

ಪ್ಲೇಟ್ ಹೊರಗೆ ಬಂದ ಕೂಡಲೇ ಸೂಕ್ಷ್ಮದರ್ಶಕದಡಿ ಇಡಿ. ಮಾನವ ಸ್ಟೆಮ್ ಸೆಲ್‌ಗಳು ಕಾಲೊನಿಯಾಗಿ ಬೆಳೆಯುವ ಜಾತಿ. ಅಳತೆಗಾಗಿ ಅವನ್ನು ಬಿಡಿಬಿಡಿಯಾಗಿ ಬಿತ್ತಿದಾಗ ಒಂಟಿ ಕೋಶ ಸಾಯುತ್ತದೆ. ಅದಕ್ಕೇ ಬಿತ್ತುವಾಗ ವೈ-27632 ಎಂಬ ರಾಕ್ ತಡೆಕಾರಕವನ್ನು (ರಾಕ್ ಎಂಬ ಕಿಣ್ವವನ್ನು ತಡೆದು ಒಂಟಿ ಕೋಶ ಸಾಯದಂತೆ ಕಾಯುವ ಔಷಧ) ಸಾಮಾನ್ಯವಾಗಿ 10 ಮೈಕ್ರೊಮೋಲಾರ್‌ನಲ್ಲಿ ಹಾಕುತ್ತೇವೆ. ಅದಿಲ್ಲದೆ ಬಿತ್ತಿದ್ದರೆ ಬೆಳಿಗ್ಗೆ ವೆಲ್‌ನಲ್ಲಿ ಉಳಿದಿರುವುದು ಅರ್ಧಕ್ಕರ್ಧ ಶವ. ಹಾಕಿ ತೆಗೆಯದೆ ಬಿಟ್ಟಿದ್ದರೆ ಅದೂ ಒಂದು ತೊಂದರೆ. ಅದು ಕೋಶದ ಆಕಾರವನ್ನೇ ಬದಲಿಸುವ ಔಷಧ, ಅಳೆಯುವ ಹೊತ್ತಿಗೆ ಮೀಡಿಯಂನಲ್ಲಿ ಇರಬಾರದು. ಹೃದಯ ಕೋಶದ ವೆಲ್‌ಗಳಿಗೂ ಹಾಕಿದ್ದರೆ ಎರಡಕ್ಕೂ ಒಂದೇ ಅವಧಿ ಇರಲಿ.

ಲೇಪನದ ವಿಷಯವೂ ಇದೆ. ಕೋಶ ಅಂಟಲೆಂದು ವೆಲ್‌ನ ತಳಕ್ಕೆ ಬಳಿದ ಮ್ಯಾಟ್ರಿಜೆಲ್ ಅಥವಾ ವಿಟ್ರೊನೆಕ್ಟಿನ್ ಒಣಗಿದ್ದರೆ ಕೋಶ ಅಂಟಿದಂತೆ ಕಾಣುತ್ತದೆ, ತೊಳೆಯುವಾಗ ಹಾಳೆಯಾಗಿ ಎದ್ದು ಹೋಗುತ್ತದೆ. ಮೀಡಿಯಂ ಬದಲಿಸುವಾಗ ವೆಲ್ ಪೂರ್ತಿ ಖಾಲಿ ಮಾಡಬೇಡಿ. ಸ್ವಲ್ಪ ಉಳಿಸಿ, ಹೊಸದನ್ನು ಗೋಡೆಗೆ ತಾಗಿಸಿ ಬಿಡಿ, ಮತ್ತೆ ತೆಗೆಯಿರಿ. ಬಿತ್ತಿದ ಕೂಡಲೇ ಇನ್‌ಕ್ಯುಬೇಟರ್‌ಗೆ ತಳ್ಳುವ ಅಭ್ಯಾಸವನ್ನೂ ಬಿಡಬೇಕು. ಒಂದು ಗಂಟೆ ಹುಡ್‌ನೊಳಗೇ (ಗಾಳಿ ಸೋಸುವ ಕೆಲಸದ ಪೆಟ್ಟಿಗೆ) ಕೊಠಡಿಯ ಸಾಮಾನ್ಯ ತಾಪದಲ್ಲಿ ಇಟ್ಟರೆ ಕೋಶಗಳು ಸಮನಾಗಿ ಕೂರುತ್ತವೆ, ಅಂಚಿಗೆ ಸೇರುವುದಿಲ್ಲ.

ಅಂಚಿನ ಸಾಲುಗಳು ಮಾತ್ರ ಬೇರೆ ಅಂಕಿ ಕೊಡುತ್ತಿದ್ದರೆ ಅದು ನೀರು ಆವಿಯಾಗುವ ಸಮಸ್ಯೆ. ಸ್ಟೆಮ್ ಸೆಲ್ ಎಲ್ಲ ಎಡಕ್ಕೆ, ಹೃದಯ ಕೋಶ ಎಲ್ಲ ಬಲಕ್ಕೆ ಹಾಕಿದ್ದರೆ ಇದನ್ನು ಪತ್ತೆ ಮಾಡುವುದೇ ಆಗುವುದಿಲ್ಲ. ಎರಡನ್ನೂ ಬೆರೆಸಿ ಹಾಕಿ. ಬಿತ್ತುವವರಿಗೆ ತಲೆನೋವು ನಿಜ, ಲೆಕ್ಕ ಮಾಡುವವರಿಗೆ ನೆಮ್ಮದಿ.

ದೋಷ: ಸ್ಟೆಮ್ ಸೆಲ್ ತನ್ನ ಮರಿಗಳಿಗಿಂತ ಜಾಸ್ತಿ ಉಸಿರಾಡುತ್ತಿದೆ

ಕಚ್ಚಾ ಗೆರೆ ಸರಿಯಿದೆ, ವೆಲ್‌ಗಳು ಹೊಂದುತ್ತಿವೆ, ಆದರೂ ಉಲ್ಟಾ. ಈಗ ಯಾವುದರಿಂದ ಭಾಗಿಸಿದ್ದೀರಿ ನೋಡಿ.

ಎರಡನ್ನೂ ಒಂದೇ ಸಂಖ್ಯೆಯಲ್ಲಿ ನಿನ್ನೆ ಸಂಜೆ ಬಿತ್ತಿದ್ದೀರಿ ಎಂದುಕೊಳ್ಳಿ. ಮಾನವ ಸ್ಟೆಮ್ ಸೆಲ್ ಹೆಚ್ಚೂಕಡಿಮೆ ಒಂದು ದಿನದಲ್ಲಿ ದುಪ್ಪಟ್ಟಾಗುತ್ತದೆ. ಹೃದಯ ಕೋಶ ಹೆಚ್ಚುಕಮ್ಮಿ ವಿಭಜನೆಯಾಗುವುದೇ ಇಲ್ಲ. ಅಳೆಯುವ ಹೊತ್ತಿಗೆ ಒಂದು ಕಡೆ ಎರಡರಷ್ಟು ಕೋಶ, ಇನ್ನೊಂದು ಕಡೆ ಬಿತ್ತಿದ್ದರಲ್ಲೂ ಅಂಟದೆ ಹೋದದ್ದು ಕಳೆದು ಉಳಿದಷ್ಟು. ಬಿತ್ತಿದ ಸಂಖ್ಯೆಯಿಂದ ಭಾಗಿಸಿದರೆ ಸ್ಟೆಮ್ ಸೆಲ್ ಗೆಲ್ಲುತ್ತದೆ, ಅಲ್ವಾ?

ಹಾಗಾದರೆ ಪ್ರೋಟೀನ್‌ನಿಂದ ಭಾಗಿಸೋಣ ಅನ್ನುತ್ತೀರಿ. ಅಲ್ಲೂ ಮುಳ್ಳಿದೆ. ಸ್ಟೆಮ್ ಸೆಲ್ ಅಂದರೆ ಬಹುಪಾಲು ನ್ಯೂಕ್ಲಿಯಸ್, ಸುತ್ತ ಒಂದಿಷ್ಟು ಸೈಟೋಪ್ಲಾಸಂ. ಹೃದಯ ಕೋಶ ದೊಡ್ಡದು, ತುಂಬಾ ಸ್ನಾಯು ಪ್ರೋಟೀನ್. ಒಂದೊಂದು ಕೋಶದ ಉಸಿರಾಟ ನಿಜವಾಗಿಯೂ ಏರಿದ್ದರೂ ಪ್ರೋಟೀನ್‌ನಿಂದ ಭಾಗಿಸಿದಾಗ ಅದು ಮಾಯವಾಗಬಹುದು. ಮ್ಯಾಟ್ರಿಜೆಲ್ ಕೂಡ ಪ್ರೋಟೀನೇ, ಅದೂ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ.

ನನ್ನ ಆಯ್ಕೆ ನ್ಯೂಕ್ಲಿಯಸ್ ಎಣಿಕೆ. ಅಳತೆ ಮುಗಿದ ಕೂಡಲೇ ಅದೇ ಪ್ಲೇಟಿಗೆ ಹೋಕ್ಸ್ಟ್ ಬಣ್ಣ ಹಾಕಿ ಚಿತ್ರ ತೆಗೆದು ಎಣಿಸುವುದು. ಪ್ರೋಟೀನ್ ಲೆಕ್ಕವನ್ನೂ ಪಕ್ಕದಲ್ಲಿ ಇಡಿ, ಎರಡನ್ನೂ ವರದಿ ಮಾಡಿ. ಎರಡೂ ಲೆಕ್ಕ ಒಂದೇ ದಿಕ್ಕು ತೋರಿಸಿದರೆ ಧೈರ್ಯ ಬರುತ್ತದೆ. ಬೇರೆ ಬೇರೆ ದಿಕ್ಕಿಗೆ ಹೋದರೆ, ಬದಲಾಗಿರುವುದು ಕೋಶದ ಗಾತ್ರ ಎಂದು ಮೊದಲು ಅನುಮಾನಿಸಿ.

ಇವುಗಳ ಗೊಡವೆಯೇ ಬೇಡದ ಅಳತೆಯೂ ಒಂದಿದೆ. ಒಂದೇ ವೆಲ್‌ನೊಳಗಿನ ಅನುಪಾತಗಳು: ಒಟ್ಟು ಉಸಿರಾಟದಲ್ಲಿ ಎಟಿಪಿಗೆ ಹೋದ ಪಾಲೆಷ್ಟು, ಎಟಿಪಿ ಮಾಡದೆ ಸೋರಿದ ಪಾಲೆಷ್ಟು, ಮೀಸಲು ಸಾಮರ್ಥ್ಯ (ಗರಿಷ್ಠ ವೇಗಕ್ಕೂ ಮಾಮೂಲಿ ವೇಗಕ್ಕೂ ಇರುವ ಅಂತರ) ಎಷ್ಟು. ಮೇಲೂ ಕೆಳಗೂ ಅದೇ ಕೋಶಗಳೇ ಇರುವುದರಿಂದ ಎಣಿಕೆಯ ತಪ್ಪು ತಾನಾಗಿ ಹೊಡೆದುಹೋಗುತ್ತದೆ.

ದೋಷ: ಒಲಿಗೊಮೈಸಿನ್ ಹಾಕಿದರೂ ಗೆರೆ ಇಳಿಯುತ್ತಿಲ್ಲ

ಅಳತೆಯ ನಡುವೆ ಕಾರ್ಟ್ರಿಜ್‌ನ ಪೋರ್ಟ್‌ಗಳಿಂದ (ಔಷಧ ತುಂಬಿಡುವ ಪುಟ್ಟ ಗುಂಡಿಗಳಿಂದ) ಔಷಧಗಳನ್ನು ಒಂದೊಂದಾಗಿ ಬಿಡುತ್ತೇವೆ. ಮೊದಲನೆಯದು ಒಲಿಗೊಮೈಸಿನ್, ಅದು ಎಟಿಪಿ ತಯಾರಿಸುವ ಎಟಿಪಿ ಸಿಂಥೇಸ್ ಅನ್ನು ಕಟ್ಟಿಹಾಕುತ್ತದೆ. ಎಟಿಪಿ ಮಾಡಲು ಬಳಕೆಯಾಗುತ್ತಿದ್ದ ಆಮ್ಲಜನಕ ಆಗ ಉಳಿಯಬೇಕು, ಗೆರೆ ಕೆಳಗೆ ಬೀಳಬೇಕು. ಸ್ಟೆಮ್ ಸೆಲ್ ವೆಲ್‌ನಲ್ಲಿ ಬೀಳುವುದು ಸ್ವಲ್ಪವೇ. ಔಷಧ ಸತ್ತಿದೆಯಾ, ಕೋಶವೇ ಹೀಗಾ?

ಇಲ್ಲಿ ಊಹೆ ಬೇಡ. ಸ್ಟೆಮ್ ಸೆಲ್ ಹುಟ್ಟಿದ ಮೂಲ ಚರ್ಮದ ಫೈಬ್ರೊಬ್ಲಾಸ್ಟ್ (ಅಂಗಾಂಶವನ್ನು ಹಿಡಿದಿಡುವ ಬಲಿತ ಕೋಶ) ಇದ್ದರೆ ಅದನ್ನು, ಇಲ್ಲದಿದ್ದರೆ ಯಾವುದಾದರೂ ಮಾಮೂಲಿ ಫೈಬ್ರೊಬ್ಲಾಸ್ಟ್ ಅನ್ನು ಅದೇ ಪ್ಲೇಟಿನ ಕೆಲವು ವೆಲ್‌ಗಳಲ್ಲಿ ಹಾಕಿ. ಅಲ್ಲೂ ಇಳಿಯದಿದ್ದರೆ ಔಷಧವೇ ಹಾಳಾಗಿದೆ, ಅಥವಾ ಪೋರ್ಟ್‌ನಿಂದ ಇಳಿದೇ ಇಲ್ಲ. ಓಟ ಮುಗಿದ ಮೇಲೆ ಕಾರ್ಟ್ರಿಜ್ ಎತ್ತಿ ಬೆಳಕಿಗೆ ಹಿಡಿಯಿರಿ, ಪೋರ್ಟ್‌ನಲ್ಲಿ ದ್ರವ ಉಳಿದಿದ್ದರೆ ಕಣ್ಣಿಗೇ ಕಾಣುತ್ತದೆ. ಫೈಬ್ರೊಬ್ಲಾಸ್ಟ್‌ನಲ್ಲಿ ಚೆನ್ನಾಗಿ ಇಳಿದು ಸ್ಟೆಮ್ ಸೆಲ್‌ನಲ್ಲಿ ಮಾತ್ರ ಇಳಿಯದಿದ್ದರೆ ಅದು ನಿಜವಾದ ಸಂಗತಿ. ಮೇಲೆ ಹೇಳಿದ 2011ರ ಕೆಲಸದಲ್ಲಿ ಕಂಡದ್ದೂ ಇದಕ್ಕೆ ಹೊಂದುತ್ತದೆ. ಸ್ಟೆಮ್ ಸೆಲ್‌ನಲ್ಲಿ ಆ ಸಿಂಥೇಸ್ ಎಟಿಪಿ ಮಾಡುವ ಬದಲು ಒಂದಿಷ್ಟು ಎಟಿಪಿಯನ್ನು ಒಡೆದು ಮೈಟೊಕಾಂಡ್ರಿಯದ ಪೊರೆಯ ವೋಲ್ಟೇಜ್ ಉಳಿಸಿಕೊಳ್ಳುತ್ತದೆ.

ಈ ಫೈಬ್ರೊಬ್ಲಾಸ್ಟ್ ವೆಲ್‌ಗಳು ಪ್ಲೇಟಿನ ಜಾಗ ತಿನ್ನುತ್ತವೆ ಎಂದು ಬಿಡುವವರೇ ಜಾಸ್ತಿ. ಬಿಡಬೇಡಿ. ಈ ಬರಹದ ಅರ್ಧ ಪ್ರಶ್ನೆಗಳಿಗೆ ಅವೇ ಉತ್ತರ ಕೊಡುತ್ತವೆ.

ದೋಷ: ಎಫ್‌ಸಿಸಿಪಿ ಹಾಕಿದಾಗ ಏರಬೇಕಾದ್ದು ಏರುತ್ತಿಲ್ಲ

ಇದು ಹೆಚ್ಚು ಹೊತ್ತು ಕೂತು ಬಿಡಿಸಬೇಕಾದ ಗಂಟು, ಯಾಕೆಂದರೆ ನಾಲ್ಕಾರು ಕಾರಣಗಳು ಒಂದೇ ಮುಖ ತೋರಿಸುತ್ತವೆ. ಎಫ್‌ಸಿಸಿಪಿ ಪೊರೆಯ ವೋಲ್ಟೇಜ್ ಇಳಿಸಿ ಉಸಿರಾಟದ ಸರಪಳಿಯನ್ನು ಅದರ ಗರಿಷ್ಠ ವೇಗಕ್ಕೆ ಓಡಿಸುತ್ತದೆ. ಗೆರೆ ಮೂಲ ಮಟ್ಟಕ್ಕಿಂತಲೂ ಕೆಳಗೆ ನಿಂತರೆ ಮೊದಲ ಅನುಮಾನ ಪ್ರಮಾಣದ ಮೇಲೆ. ಕಡಿಮೆಯಾದರೆ ಏರುವುದಿಲ್ಲ, ಜಾಸ್ತಿಯಾದರೆ ಸರಪಳಿಯೇ ಉಸಿರುಗಟ್ಟುತ್ತದೆ. ಎರಡರ ನಡುವಿನ ಕಿಂಡಿ ಸಣ್ಣದು, ಅದೂ ಪ್ರತಿ ಕೋಶಕ್ಕೂ ಬೇರೆ. ಸ್ಟೆಮ್ ಸೆಲ್‌ಗೆ ಹೊಂದಿಸಿದ ಪ್ರಮಾಣವನ್ನೇ ಹೃದಯ ಕೋಶಕ್ಕೂ ಹಾಕಿ "ಮೀಸಲು ಸಾಮರ್ಥ್ಯ ಇಲ್ಲ" ಎಂದು ಬರೆದರೆ ಅದು ಕೋಶದ ಮಾತಲ್ಲ. 0.25ರಿಂದ 2 ಮೈಕ್ರೊಮೋಲಾರ್ ತನಕ ಮೆಟ್ಟಿಲು ಮೆಟ್ಟಿಲಾಗಿ ಎರಡೂ ಕೋಶಗಳಲ್ಲಿ ಬೇರೆ ಬೇರೆ ಪರೀಕ್ಷಿಸಿ.

ಎರಡನೆಯದು ಆಲ್ಬುಮಿನ್. ಹೃದಯ ಕೋಶಗಳನ್ನು ಬಿ27 ಎಂಬ ಪೋಷಕ ಮಿಶ್ರಣ ಇರುವ ಮೀಡಿಯಂನಲ್ಲಿ ಬೆಳೆಸುತ್ತೇವೆ, ಅದರಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಇದೆ. ಅದು ಎಫ್‌ಸಿಸಿಪಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಸರಿಯಾಗಿ ತೊಳೆಯದ ವೆಲ್‌ನಲ್ಲಿ ನೀವು ಹಾಕಿದ 1 ಮೈಕ್ರೊಮೋಲಾರ್, ಕೋಶಕ್ಕೆ ಸಿಗುವಾಗ ಅದಕ್ಕಿಂತ ಎಷ್ಟೋ ಕಡಿಮೆ.

ಮೂರನೆಯದು ಇಂಧನ. ಸರಪಳಿ ಪೂರ್ತಿ ವೇಗದಲ್ಲಿ ಓಡಬೇಕಾದರೆ ಪೈರುವೇಟ್ (ಗ್ಲೂಕೋಸ್ ಮುರಿದಾಗ ಸಿಗುವ ತುಂಡು) ಬೇಕು. ಅಳತೆಯ ಮೀಡಿಯಂಗೆ ಗ್ಲೂಕೋಸ್ ಮಾತ್ರ ಹಾಕಿ ಪೈರುವೇಟ್, ಗ್ಲುಟಮಿನ್ ಮರೆತಿದ್ದರೆ ಸ್ಟೆಮ್ ಸೆಲ್ ಮೊದಲು ಸೋಲುತ್ತದೆ. ಗ್ಲೂಕೋಸ್‌ನ ಇಂಗಾಲವನ್ನು ಮೈಟೊಕಾಂಡ್ರಿಯಕ್ಕೆ ಕಳಿಸುವುದೇ ಅದಕ್ಕೆ ಕಡಿಮೆ. ಸಾಮಾನ್ಯ ಮಿಶ್ರಣ 10 ಮಿಲಿಮೋಲಾರ್ ಗ್ಲೂಕೋಸ್, 1 ಪೈರುವೇಟ್, 2 ಗ್ಲುಟಮಿನ್.

ನಾಲ್ಕನೆಯದು ಒಲಿಗೊಮೈಸಿನ್‌ನ ಬಾಲ. ಕೆಲವು ಕೋಶಗಳಲ್ಲಿ ಮೊದಲು ಹಾಕಿದ ಒಲಿಗೊಮೈಸಿನ್ ಆಮೇಲಿನ ಗರಿಷ್ಠವನ್ನೂ ಒತ್ತಿಹಿಡಿಯುತ್ತದೆ. ಕೆಲವು ವೆಲ್‌ಗಳಲ್ಲಿ ಒಲಿಗೊಮೈಸಿನ್ ಬಿಟ್ಟು ನೇರ ಎಫ್‌ಸಿಸಿಪಿ ಹಾಕಿ ಹೋಲಿಸಿ.

ಇವೆಲ್ಲ ಕಳೆದ ಮೇಲೂ ಸ್ಟೆಮ್ ಸೆಲ್‌ನಲ್ಲಿ ಏರಿಕೆ ಕಡಿಮೆಯೇ ಇದ್ದರೆ ಗಾಬರಿ ಬೇಡ. ಈಗಾಗಲೇ ಗರಿಷ್ಠದ ಹತ್ತಿರ ಆಮ್ಲಜನಕ ಎಳೆಯುತ್ತಿರುವ ಕೋಶಕ್ಕೆ ಮೇಲೇರಲು ಜಾಗ ಕಡಿಮೆ. ಕೊನೆಗೆ ಹಾಕುವ ರೊಟೆನೋನ್ ಮತ್ತು ಆಂಟಿಮೈಸಿನ್ ಸರಪಳಿಯನ್ನೇ ನಿಲ್ಲಿಸುತ್ತವೆ. ಆಗಲೂ ಗೆರೆ ಎತ್ತರದಲ್ಲೇ ಉಳಿದರೆ ಆ ಆಮ್ಲಜನಕ ಮೈಟೊಕಾಂಡ್ರಿಯದ್ದಲ್ಲ, ಅಥವಾ ಈ ಔಷಧಗಳೂ ಹಳತಾಗಿವೆ.

ದೋಷ: ಆಮ್ಲದ ಗೆರೆ ಏರಿದೆ, ಹಾಗಾದರೆ ಗ್ಲೈಕಾಲಿಸಿಸ್ ಏರಿತಾ?

ಇಸಿಎಆರ್ ಅಂದರೆ ಮೀಡಿಯಂ ಹುಳಿಯಾಗುವ ವೇಗ, ಅಷ್ಟೇ. ಲ್ಯಾಕ್ಟೇಟ್ ಜೊತೆ ಹೊರಬರುವ ಆಮ್ಲವೂ ಅದರಲ್ಲಿದೆ, ಮೈಟೊಕಾಂಡ್ರಿಯ ಬಿಡುವ ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಕರಗಿ ಹುಟ್ಟುವ ಆಮ್ಲವೂ ಇದೆ. ಎರಡು ಮನೆಯ ಬಚ್ಚಲ ನೀರು ಒಂದೇ ಮೋರಿಗೆ ಬಿದ್ದರೆ, ಮೋರಿ ನೋಡಿ ಯಾರ ಮನೆಯಲ್ಲಿ ನೀರು ಜಾಸ್ತಿ ಖರ್ಚಾಯಿತು ಎಂದು ಹೇಳಲು ಬರುವುದಿಲ್ಲ. ಚೆನ್ನಾಗಿ ಉಸಿರಾಡುವ ಹೃದಯ ಕೋಶದಲ್ಲಿ ಈ ಎರಡನೇ ಮನೆಯ ಪಾಲು ದೊಡ್ಡದು. ಬರೀ ಇಸಿಎಆರ್ ನೋಡಿ "ಬಲಿತ ಕೋಶವೂ ಗ್ಲೈಕಾಲಿಸಿಸ್ ಮೇಲೇ ಇದೆ" ಎಂದು ಬರೆಯಬಾರದು.

ಬಗೆಹರಿಸಲು ಎರಡು ದಾರಿ. ಮೀಡಿಯಂನಲ್ಲಿ ಲ್ಯಾಕ್ಟೇಟ್ ಅನ್ನೇ ಕಿಣ್ವದ ಪರೀಕ್ಷೆಯಿಂದ ಅಳೆಯುವುದು ಒಂದು. ಕೊನೆಯಲ್ಲಿ 2-ಡಿಆಕ್ಸಿಗ್ಲೂಕೋಸ್ ಹಾಕಿ ಗ್ಲೈಕಾಲಿಸಿಸ್ ನಿಲ್ಲಿಸಿ ಎಷ್ಟು ಇಳಿಯಿತು ಎಂದು ನೋಡುವುದು ಇನ್ನೊಂದು. ನನಗೆ ಮೊದಲನೆಯದರ ಮೇಲೆ ನಂಬಿಕೆ ಜಾಸ್ತಿ.

ಇಸಿಎಆರ್ ಎಲ್ಲ ವೆಲ್‌ನಲ್ಲೂ ಚಪ್ಪಟೆಯಾಗಿದ್ದರೆ ಮೀಡಿಯಂನಲ್ಲಿ ಬೈಕಾರ್ಬೊನೇಟ್ ಉಳಿದಿದೆ. ಅದು ಹುಳಿಯನ್ನು ನುಂಗುತ್ತದೆ. ಅಳತೆಗೆ ಬೈಕಾರ್ಬೊನೇಟ್ ಇಲ್ಲದ ಮೀಡಿಯಂ, ಪಿಎಚ್ 7.4, ಕೋಶಗಳನ್ನು ಮೊದಲು 45ರಿಂದ 60 ನಿಮಿಷ ಇಂಗಾಲದ ಡೈಆಕ್ಸೈಡ್ ಇಲ್ಲದ 37 ಡಿಗ್ರಿಯ ಇನ್‌ಕ್ಯುಬೇಟರ್‌ನಲ್ಲಿ ಇಡಬೇಕು. ಪಿಎಚ್ ಸರಿಮಾಡುವುದು ಮೀಡಿಯಂ 37 ಡಿಗ್ರಿಗೆ ಬಂದ ಮೇಲೆ. ಫ್ರಿಜ್‌ನಿಂದ ತೆಗೆದ ಕೂಡಲೇ ಅಲ್ಲ.

ದೋಷ: ಕೋಶ ಬಡಿಯುತ್ತಿದೆ, ಆದರೂ ಇಂಧನ ಬದಲಾಗಿಲ್ಲ

ಡಿಶ್‌ನಲ್ಲಿ ಹೃದಯ ಕೋಶ ಬಡಿಯುವುದನ್ನು ನೋಡಿ ಅದು ಬಲಿತಿದೆ ಎಂದುಕೊಳ್ಳುತ್ತೇವೆ. ಬಡಿತ ಎರಡನೇ ವಾರದ ಹೊತ್ತಿಗೇ ಶುರುವಾಗುತ್ತದೆ. ಇಂಧನದ ಲೆಕ್ಕದಲ್ಲಿ ಆ ಕೋಶ ಇನ್ನೂ ಭ್ರೂಣದ ಹೃದಯದ ಹಾಗೆ. ಭ್ರೂಣದ ಹೃದಯ ಗ್ಲೂಕೋಸ್, ಲ್ಯಾಕ್ಟೇಟ್ ತಿನ್ನುತ್ತದೆ. ಕೊಬ್ಬಿನಾಮ್ಲ ಮುಖ್ಯ ಇಂಧನವಾಗುವುದು ಹುಟ್ಟಿದ ಮೇಲೆ. ನಾವು ಕೊಡುವ ಆರ್‌ಪಿಎಂಐ ಮೀಡಿಯಂನಲ್ಲಿ 11 ಮಿಲಿಮೋಲಾರ್ ಗ್ಲೂಕೋಸ್ ಇದೆ, ಊಟ ಮಾಡದವರ ರಕ್ತದಲ್ಲಿರುವುದರ ಎರಡು ಪಟ್ಟು. ಕೊಬ್ಬಿನಾಮ್ಲ ನಾಮಮಾತ್ರ. ಸಕ್ಕರೆ ತುಂಬಿದ ತಟ್ಟೆ ಎದುರಿಗಿಟ್ಟು ಕೊಬ್ಬು ಯಾಕೆ ತಿನ್ನಲಿಲ್ಲ ಎಂದು ಕೇಳಿದರೆ ಕೋಶ ಏನು ಹೇಳೀತು?

ಮೊದಲು ಶುದ್ಧತೆ ನೋಡಿ. ಹೃದಯ ಸ್ನಾಯುವಿನ ಗುರುತಾದ ಟ್ರೊಪೊನಿನ್-ಟಿ ಪ್ರೋಟೀನಿಗೆ ಬಣ್ಣ ಹಾಕಿ, ಕೋಶಗಳನ್ನು ಒಂದೊಂದಾಗಿ ಎಣಿಸುವ ಫ್ಲೋ ಯಂತ್ರದಲ್ಲಿ ಓಡಿಸಿ. ಮೂವತ್ತು-ನಲವತ್ತು ಶೇಕಡಾ ಬೇರೆ ಕೋಶ ಬೆರೆತಿದ್ದರೆ ನೀವು ಅಳೆದದ್ದು ಗುಂಪಿನ ಸರಾಸರಿ. ಶುದ್ಧ ಮಾಡುವ ದಾರಿಯೂ ಇಂಧನದ ಮೂಲಕವೇ ಇದೆ. 2013ರಲ್ಲಿ ಜಪಾನಿನ ಕೇಯೋ ವಿಶ್ವವಿದ್ಯಾಲಯದ ತಂಡ ಗ್ಲೂಕೋಸ್ ತೆಗೆದು ಲ್ಯಾಕ್ಟೇಟ್ ಕೊಟ್ಟು ನೋಡಿತು. ಉಳಿದುಕೊಂಡಿದ್ದ ಸ್ಟೆಮ್ ಸೆಲ್‌ಗಳು ಸತ್ತವು, ಲ್ಯಾಕ್ಟೇಟ್ ಉರಿಸಬಲ್ಲ ಹೃದಯ ಕೋಶಗಳು ಬದುಕಿದವು. ಈಗ ಬಹಳ ಲ್ಯಾಬ್‌ಗಳಲ್ಲಿ ಇದು ಮಾಮೂಲಿ ಹೆಜ್ಜೆ. ಆದರೆ ಲ್ಯಾಕ್ಟೇಟ್‌ನಿಂದ ತೆಗೆದ ಮರುದಿನವೇ ಅಳೆಯಬೇಡಿ. ಹಸಿವಿನಲ್ಲಿದ್ದ ಕೋಶದ ಅಂಕಿ ಅದು. ಮಾಮೂಲಿ ಮೀಡಿಯಂನಲ್ಲಿ ಕೆಲವು ದಿನ ಸುಧಾರಿಸಿಕೊಳ್ಳಲಿ.

ಕೊಬ್ಬಿನಾಮ್ಲ ಉರಿಸುತ್ತದಾ ಎಂದು ನೋಡಲು ಎಟೊಮೊಕ್ಸಿರ್ (ಕೊಬ್ಬಿನಾಮ್ಲ ಮೈಟೊಕಾಂಡ್ರಿಯದೊಳಗೆ ಹೋಗುವುದನ್ನು ತಡೆಯುವ ಔಷಧ) ಹಾಕುವವರಿಗೊಂದು ಎಚ್ಚರಿಕೆ. ಹಳೆಯ ವಿಧಾನಗಳಲ್ಲಿ ಬರೆದಿರುವ 100, 200 ಮೈಕ್ರೊಮೋಲಾರ್ ಪ್ರಮಾಣ ಉಸಿರಾಟದ ಸರಪಳಿಯ ಮೊದಲ ಸಂಕೀರ್ಣವನ್ನೂ ತಡೆಯುತ್ತದೆ ಎಂದು 2018ರಲ್ಲಿ ತೋರಿಸಿದ್ದಾರೆ. ಆ ಪ್ರಮಾಣದಲ್ಲಿ ಗೆರೆ ಬಿದ್ದರೆ ಕೊಬ್ಬಿನ ಬಗ್ಗೆ ಏನೂ ಗೊತ್ತಾಗುವುದಿಲ್ಲ.

ದೋಷ: ಬಣ್ಣ ಒಂದು ಹೇಳುತ್ತದೆ, ಯಂತ್ರ ಇನ್ನೊಂದು ಹೇಳುತ್ತದೆ

ಮೈಟೊಕಾಂಡ್ರಿಯಕ್ಕೆ ಅಂಟುವ ಮೈಟೊಟ್ರ್ಯಾಕರ್ ಹಸಿರು ಬಣ್ಣ ಹಾಕಿದರೆ ಸ್ಟೆಮ್ ಸೆಲ್ ಮಂಕು, ಬಲಿತ ಕೋಶ ಪ್ರಕಾಶಮಾನ. ಹಾಗಾಗಿ ಸ್ಟೆಮ್ ಸೆಲ್‌ನಲ್ಲಿ ಮೈಟೊಕಾಂಡ್ರಿಯ ಕಡಿಮೆ. ಈ ತರ್ಕ ಮೂಳೆಮಜ್ಜೆಯ ರಕ್ತದ ಸ್ಟೆಮ್ ಸೆಲ್‌ಗಳ ವಿಷಯದಲ್ಲಿ ವರ್ಷಗಟ್ಟಲೆ ನಡೆಯಿತು. ಆ ಕೋಶಗಳಿಗೆ ಬಣ್ಣವನ್ನು ಹೊರಗೆ ತಳ್ಳುವ ಪಂಪ್‌ಗಳು ಬಹಳ ಜೋರು. 2017ರಲ್ಲಿ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದವರು ಬಣ್ಣವಿಲ್ಲದ ವಿಧಾನಗಳಿಂದ ಅಳೆದಾಗ ಚಿತ್ರ ತಿರುಗಿತು. ರಕ್ತದ ಸ್ಟೆಮ್ ಸೆಲ್‌ಗಳಲ್ಲಿ ಮೈಟೊಕಾಂಡ್ರಿಯ ಬಲಿತ ಕೋಶಗಳಿಗಿಂತ ಹೆಚ್ಚೇ ಇದ್ದವು.

ನೀವು ಯಾವ ಸ್ಟೆಮ್ ಸೆಲ್ ಇಟ್ಟುಕೊಂಡಿದ್ದರೂ ಪಾಠ ಒಂದೇ. ವೆರಾಪಮಿಲ್ ಹಾಕಿ ಪಂಪ್ ತಡೆದು ಮತ್ತೊಮ್ಮೆ ಬಣ್ಣ ನೋಡಿ. ಪ್ರಕಾಶ ಏರಿದರೆ ಮೊದಲು ಕಂಡದ್ದು ಪಂಪಿನ ಕೆಲಸ. ಜೊತೆಗೆ ಮೈಟೊಕಾಂಡ್ರಿಯದ ಡಿಎನ್ಎಯನ್ನು ಪಿಸಿಆರ್‌ನಲ್ಲಿ ಎಣಿಸಿ, ಸರಪಳಿಯ ಪ್ರೋಟೀನ್‌ಗಳನ್ನು ಬ್ಲಾಟ್‌ನಲ್ಲಿ ನೋಡಿ.

ಎಲ್ಲ ಸರಿಯಿದ್ದೂ ಬೇರೆಯವರ ಅಂಕಿಗೆ ಹೊಂದದಿದ್ದರೆ

ಅವರ ಕೋಶ ಇಲಿಯದ್ದಾ ಕೇಳಿ. ಇಲಿಯ ಭ್ರೂಣದ ಸ್ಟೆಮ್ ಸೆಲ್ ಎರಡೂ ದಾರಿಗಳನ್ನು ಬಳಸುತ್ತದೆ, ಬೇಕಾದಾಗ ಒಂದರಿಂದ ಇನ್ನೊಂದಕ್ಕೆ ಹಾರುತ್ತದೆ. ಮಾಮೂಲಿ ಮಾನವ ಸ್ಟೆಮ್ ಸೆಲ್ ಬೆಳವಣಿಗೆಯಲ್ಲಿ ಒಂದು ಹೆಜ್ಜೆ ಮುಂದಿರುವ ಸ್ಥಿತಿ, ಗ್ಲೈಕಾಲಿಸಿಸ್ ಕಡೆಗೇ ವಾಲಿದೆ. 2012ರಲ್ಲಿ ಇದನ್ನು ಬಿಡಿಸಿ ತೋರಿಸಿದ ಕೆಲಸದಲ್ಲಿ ಒಂದು ಸ್ವಾರಸ್ಯವಿದೆ. ಆ ಮುಂದಿನ ಸ್ಥಿತಿಯ ಮೈಟೊಕಾಂಡ್ರಿಯ ನೋಡಲು ಹೆಚ್ಚು ಬಲಿತಂತೆ ಕಾಣುತ್ತವೆ, ಉಸಿರಾಡುವುದು ಮಾತ್ರ ಕಡಿಮೆ. ಚಿತ್ರ ನೋಡಿ ಕೆಲಸ ಊಹಿಸುವವರು ಇದನ್ನು ನೆನಪಿಡಬೇಕು.

ಎಲ್ಲ ಸ್ಟೆಮ್ ಸೆಲ್‌ಗಳೂ ಗ್ಲೈಕಾಲಿಸಿಸ್ ಮೇಲೆ ನಿಂತಿಲ್ಲ ಎಂಬುದೂ ಗೊತ್ತಿರಲಿ. ಸಣ್ಣ ಕರುಳಿನ ಸ್ಟೆಮ್ ಸೆಲ್‌ನ ಮೈಟೊಕಾಂಡ್ರಿಯ ಚುರುಕು. ಪಕ್ಕದ ಪ್ಯಾನೆತ್ ಕೋಶ ಗ್ಲೂಕೋಸ್ ಮುರಿದು ಲ್ಯಾಕ್ಟೇಟ್ ಒದಗಿಸುತ್ತದೆ, ಸ್ಟೆಮ್ ಸೆಲ್ ಅದನ್ನು ಉರಿಸುತ್ತದೆ. ಅಲ್ಲಿ "ಉಲ್ಟಾ" ಬಂದರೆ ಅದೇ ಸರಿ.

ಮೀಡಿಯಂ ಬೇರೆಯಾದರೆ ಕೋಶದ ಶಕ್ತಿಯ ಲೆಕ್ಕವೂ ಬೇರೆ. ಎಂಟೀಸರ್ ಎಂಬ ಮೀಡಿಯಂನಲ್ಲಿ ಆಲ್ಬುಮಿನ್ ಜೊತೆ ಕೊಬ್ಬು ಬರುತ್ತದೆ. ಇ8 ಎಂಬ ಮೀಡಿಯಂನಲ್ಲಿ ಅದಿಲ್ಲ, ಕೋಶ ಕೊಬ್ಬನ್ನು ತಾನೇ ತಯಾರಿಸಿಕೊಳ್ಳಬೇಕು. ಒಂದೇ ಲೈನ್ (ಒಂದೇ ಮೂಲದಿಂದ ಬೆಳೆಸಿಕೊಂಡು ಬಂದ ಕೋಶಗಳು) ಎರಡು ಮೀಡಿಯಂನಲ್ಲಿ ಎರಡು ರೀತಿ ಅಂಕಿ ಕೊಟ್ಟರೆ ಆಶ್ಚರ್ಯವಿಲ್ಲ. ಹೋಲಿಕೆಗೆ ಮೊದಲು ಇದನ್ನು ಬರೆದಿಟ್ಟುಕೊಳ್ಳಿ.

ಬೆಂಗಳೂರಿನಲ್ಲಿ ಅಳೆಯುವವರಿಗೆ ಇನ್ನೊಂದು ಮಾತು. ನಾವು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದ್ದೇವೆ. ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಹತ್ತರಲ್ಲೊಂದು ಪಾಲು ಕಡಿಮೆ, ಮೀಡಿಯಂನಲ್ಲಿ ಕರಗುವ ಆಮ್ಲಜನಕವೂ ಅಷ್ಟೇ ಕಡಿಮೆ. ನಿಮ್ಮ ತಂತ್ರಾಂಶ ಯಾವ ಒತ್ತಡ ಹಿಡಿದು ಲೆಕ್ಕ ಮಾಡುತ್ತದೆ ನೋಡಿ. ಒಂದೇ ಪ್ಲೇಟಿನ ಹೋಲಿಕೆಗೆ ತೊಂದರೆಯಿಲ್ಲ. ಸಮುದ್ರ ದಡದ ಲ್ಯಾಬಿನ ಅಂಕಿ ಪಕ್ಕದಲ್ಲಿಟ್ಟಾಗ ಮಾತ್ರ ಇದು ಲೆಕ್ಕಕ್ಕೆ ಬರುತ್ತದೆ.

ಮೈಕೊಪ್ಲಾಸ್ಮ ಪರೀಕ್ಷೆ ಕೊನೆಯಲ್ಲಿ ಬರೆದಿದ್ದೇನೆ, ನೀವು ಮಾತ್ರ ಮೊದಲೇ ಮಾಡಿ. ಅದು ಬೆಳೆಸುವ ಕೋಶಗಳ ಜೊತೆ ಸೇರಿಕೊಳ್ಳುವ ಪುಟ್ಟ ಬ್ಯಾಕ್ಟೀರಿಯ. ಅದಕ್ಕೆ ಕೋಶಗೋಡೆ ಇಲ್ಲ, ಪೆನಿಸಿಲಿನ್ ತಾಗುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ, ಮೀಡಿಯಂನ ಇಂಧನ ತಾನೂ ತಿನ್ನುತ್ತದೆ. ಪಿಸಿಆರ್‌ನಂಥ ಪರೀಕ್ಷೆಯೇ ಗತಿ.

ಒಬ್ಬನೇ ದಾನಿಯ ಎರಡು ಐಪಿಎಸ್ ಕ್ಲೋನ್‌ಗಳು ಬೇರೆ ಬೇರೆ ಉಸಿರಾಡಿದರೆ ಮೈಟೊಕಾಂಡ್ರಿಯದ ಡಿಎನ್ಎ ಓದಿಸಿ. ದಾನಿಯ ವಯಸ್ಸು ಹೆಚ್ಚಿದಷ್ಟೂ ಕ್ಲೋನ್‌ಗಳಲ್ಲಿ ಅಂಥ ಮ್ಯುಟೇಶನ್ ಸಿಗುವುದು ಜಾಸ್ತಿ. ಬಹಳ ಸಲ ಪಾಸೇಜ್ ಆದ (ಹೊಸ ಪಾತ್ರೆಗೆ ಬದಲಿಸಿದ) ಲೈನ್‌ಗೆ ಕ್ರೋಮೊಸೋಮ್ ಪರೀಕ್ಷೆ ಕೂಡ ಮಾಡಿಸಿ, 20ನೇ ಕ್ರೋಮೊಸೋಮ್‌ನ ಒಂದು ತುಂಡು ಹೆಚ್ಚಾಗುವುದು ಇವುಗಳಲ್ಲಿ ಪದೇ ಪದೇ ಕಾಣುವ ಬದಲಾವಣೆ.

ಇಷ್ಟೆಲ್ಲ ದಾಟಿ ಬಂದ ವ್ಯತ್ಯಾಸ ನಿಜವಾಗಿಯೂ ಕೋಶದ್ದೇ ಆಗಿರಬಹುದು. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಮದಾರ್ ಅವರ ತಂಡ 2018ರಲ್ಲಿ ಅಂಥದೊಂದನ್ನು ಪ್ರಕಟಿಸಿತು. ಒಸಿಐಎಡಿ1 ಎಂಬ ಪ್ರೋಟೀನ್ ಮಾನವ ಸ್ಟೆಮ್ ಸೆಲ್‌ನಲ್ಲಿ ಸರಪಳಿಯ ಮೊದಲ ಸಂಕೀರ್ಣವನ್ನು ತಡೆಹಿಡಿಯುತ್ತದೆ. ಅದನ್ನು ಕಡಿಮೆ ಮಾಡಿದರೆ ಮೈಟೊಕಾಂಡ್ರಿಯದ ಕೆಲಸ ಏರುತ್ತದೆ, ಕೋಶ ಮೀಸೊಡರ್ಮ್ (ಹೃದಯ, ರಕ್ತ, ಸ್ನಾಯುಗಳು ಹುಟ್ಟುವ ಭ್ರೂಣದ ಪದರ) ಕಡೆಗೆ ಬಲಿಯಲು ವಾಲುತ್ತದೆ. ಅದನ್ನು ಹೆಚ್ಚಿಸಿದರೆ ಉಸಿರಾಟ ಇಳಿಯುತ್ತದೆ. ಒಂದೇ ಲೈನ್, ಒಂದೇ ಮೀಡಿಯಂ, ಬದಲಾದದ್ದು ಒಂದೇ ಪ್ರೋಟೀನ್, ಅಂಕಿ ಎರಡೂ ದಿಕ್ಕಿಗೆ ಹೋಗಿದೆ. ನಿಮ್ಮ ಉಲ್ಟಾ ಅಂಕಿಗೂ ಇಂಥ ಎರಡು ದಿಕ್ಕಿನ ಪರೀಕ್ಷೆ ಹಾಕಿ: ಅನುಮಾನವಿರುವ ಅಂಶವನ್ನು ಒಂದು ಪ್ಲೇಟಿನಲ್ಲಿ ಕಡಿಮೆ ಮಾಡಿ, ಇನ್ನೊಂದರಲ್ಲಿ ಹೆಚ್ಚಿಸಿ, ಎರಡರಲ್ಲೂ ಫೈಬ್ರೊಬ್ಲಾಸ್ಟ್ ವೆಲ್‌ಗಳನ್ನು ಬಿಡದೆ ಹಾಕಿ.